ಖಾನ್ ಮತ್ತು ಸ್ವಾಕೋಪ್ ಹೊಳೆಗಳ ನಕ್ಷೆ: ಹಳೆಯ ಹಾಳೆಯಲ್ಲಿ ಹೊಳೆ ಗುಡ್ಡ ಹತ್ತುತ್ತಿದೆ, ಯಾವುದನ್ನು ನಂಬಲಿ?

ಒಣಹೊಳೆ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ನಮೀಬಿಯಾದ ಸ್ವಾಕೋಪ್‌ಮುಂಡ್‌ನಲ್ಲಿದ್ದೇನೆ. ರಜೆಯ ದಿನಗಳಲ್ಲಿ ಖಾನ್ ಮತ್ತು ಸ್ವಾಕೋಪ್ ಹೊಳೆಗಳು ಕೂಡುವ ಜಾಗದಿಂದ ರೋಸಿಂಗ್ ಹಾಗೂ ಹುಸಾಬ್ ಯುರೇನಿಯಂ ಗಣಿಗಳವರೆಗಿನ ಪ್ರದೇಶಕ್ಕೆ ನೆಲದ ಏರಿಳಿತ ತೋರಿಸುವ ಒಂದು ಒಳ್ಳೆಯ ಸ್ಥಳಾಕೃತಿ ನಕ್ಷೆ ಮಾಡುತ್ತಿದ್ದೇನೆ. ಕೈಯಲ್ಲಿ ಮೂರು ಸಾಮಗ್ರಿಗಳಿವೆ. ಮೊದಲನೆಯದು 1:50,000 ಪ್ರಮಾಣದ ಹಳೆಯ ಟೋಪೋಶೀಟ್‌ಗಳ, ಅಂದರೆ ಮುದ್ರಿತ ಸ್ಥಳಾಕೃತಿ ಹಾಳೆಗಳ, ಸ್ಕ್ಯಾನ್ (ಹಾಳೆ ಸಂಖ್ಯೆ 2214 ಡಿಬಿ, 2215 ಎಸಿ, 2215 ಸಿಎ). ಎರಡನೆಯದು ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ) ಎತ್ತರದ ದತ್ತಾಂಶದಿಂದ ನಾನೇ ಎಳೆದ 20 ಮೀಟರ್ ಅಂತರದ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು. ಮೂರನೆಯದು ಸೆಂಟಿನೆಲ್-2 ಉಪಗ್ರಹದ ಈಚಿನ ಚಿತ್ರ.

ಮೂರೂ ಒಂದಕ್ಕೊಂದು ಹೊಂದುತ್ತಿಲ್ಲ. ಹಾಳೆಯಲ್ಲಿರುವ ಹೊಳೆ ಚಿತ್ರದಲ್ಲಿರುವ ಹೊಳೆಗಿಂತ ಪೂರ್ವ–ಈಶಾನ್ಯಕ್ಕೆ ಎಪ್ಪತ್ತೆಂಬತ್ತು ಮೀಟರ್ ಸರಿದು ಕೂತಿದೆ. ಬಯಲಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಖಾನ್ ಕಮರಿಯಲ್ಲಿ ಮಾತ್ರ ಹೊಳೆಯ ಗೆರೆ ಬಂಡೆಯ ಗೋಡೆಯನ್ನೇ ಹತ್ತಿಬಿಡುತ್ತದೆ. ಹುಸಾಬ್ ಗಣಿ ಇರುವಲ್ಲಿ ನನ್ನ ರೇಖೆಗಳು ಸಮತಟ್ಟಾದ ಬಯಲನ್ನು ತೋರಿಸುತ್ತಿವೆ. ಇನ್ನೂ ಒಂದು ಪ್ರಶ್ನೆ: ಕಮರಿಯಲ್ಲಿ ಮೂರು ದಿನ ನಡೆದರೂ ಒಂದು ಬೊಗಸೆ ನೀರು ಕಾಣಲಿಲ್ಲ. ಇಂಥ ಹೊಳೆಯನ್ನು ನೀಲಿ ಬಣ್ಣದಲ್ಲಿ ಬರೆಯುವುದು ಸರಿಯೇ?

ಉಪಗ್ರಹದ ಕಣ್ಣು

ಹಳೆಯ ಹಾಳೆಗಳನ್ನು ಪಕ್ಕಕ್ಕಿಡಿ. ಉಪಗ್ರಹದ ಚಿತ್ರ ಇರುವಾಗ ಅವುಗಳ ಹಿಂದೆ ಏಕೆ ಬೀಳುತ್ತೀರಿ?

ತ್ರಿಕೋನಕಲ್ಲು

ಪಕ್ಕಕ್ಕಿಡಬೇಡಿ. ಹಾಳೆ ತಪ್ಪಿಲ್ಲ, ಅದನ್ನು ಓದಿದ ರೀತಿ ತಪ್ಪು. ನಲವತ್ತು ವರ್ಷ ಸರ್ವೆ ಕೆಲಸದಲ್ಲಿದ್ದವನಾಗಿ ಹೇಳುತ್ತೇನೆ, ನಿಮ್ಮ ಎಪ್ಪತ್ತೆಂಬತ್ತು ಮೀಟರ್ ಎಂಬ ಅಂಕಿಯಲ್ಲೇ ಉತ್ತರ ಇದೆ.

ಆ ಹಾಳೆಗಳ ಅಕ್ಷಾಂಶ ರೇಖಾಂಶಗಳು ಇಂದಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಪದ್ಧತಿಯವಲ್ಲ, ಶ್ವಾರ್ಜೆಕ್ ಡೇಟಮ್‌ನವು. ಡೇಟಮ್ ಎಂದರೆ ಅಕ್ಷಾಂಶ ರೇಖಾಂಶಗಳನ್ನು ಎಣಿಸುವ ನೆಲೆ. ಅದರ ಮೂಲಬಿಂದು ದೇಶದ ಪೂರ್ವಕ್ಕೆ ಗೊಬಾಬಿಸ್ ಕಡೆಯಲ್ಲಿದೆ. ಭೂಮಿಯ ಆಕಾರಕ್ಕೆ ಬೆಸೆಲ್ 1841ರ ದೀರ್ಘಗೋಳವನ್ನು ನಮೀಬಿಯಾಕ್ಕೆಂದೇ ಹೊಂದಿಸಿದ ರೂಪ ಬಳಸಿದ್ದಾರೆ. ಹಾಳೆಯ ಮೂಲೆಯಲ್ಲಿ ಮುದ್ರಿಸಿದ ಅಂಕಿಗಳನ್ನು ನೀವು ನಕ್ಷೆಯ ತಂತ್ರಾಂಶಕ್ಕೆ ನೇರವಾಗಿ ಡಬ್ಲ್ಯುಜಿಎಸ್ 84 ಎಂದು ಕೊಟ್ಟಿದ್ದೀರಿ. ನೀವಿರುವ ಜಾಗದಲ್ಲಿ ಹಾಗೆ ಮಾಡಿದರೆ ಹಾಳೆ ಸರಿಯಾಗಿ ಅಷ್ಟೇ ದೂರ, ಅದೇ ದಿಕ್ಕಿಗೆ ಜಾರುತ್ತದೆ. ಕೈಯಿಂದ ಎಳೆದು ಕೂರಿಸಲು ಹೋಗಬೇಡಿ. ಡೇಟಮ್ ಸರಿಯಾಗಿ ಹೇಳಿ, ಹೊಳೆ ತಾನಾಗಿಯೇ ಕಮರಿಗೆ ಇಳಿಯುತ್ತದೆ.

ಹೊಸ ವಿದ್ಯಾರ್ಥಿ

ಸರ್, ನಾನು ಇದೇ ದೇಶದ ಗ್ರಿಡ್ (ಮೀಟರಿನಲ್ಲಿ ಎಣಿಸುವ ಚೌಕುಳಿ ಜಾಲ) ಅಂಕಿಗಳನ್ನು ಒಮ್ಮೆ ಹಾಕಿದಾಗ ಇಡೀ ನಕ್ಷೆ ತಲೆಕೆಳಗಾಗಿ ಬಂದಿತ್ತು. ಸ್ವಾಕೋಪ್ ಹೊಳೆ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತಿತ್ತು. ಅದಕ್ಕೂ ಇದೇ ಕಾರಣವೇ?

ತ್ರಿಕೋನಕಲ್ಲು

ಅದು ಬೇರೆ ಕಾರಣ. ಅಲ್ಲಿನ ಗಾಸ್ ಗ್ರಿಡ್‌ನಲ್ಲಿ ಎಕ್ಸ್ ದಕ್ಷಿಣಕ್ಕೆ ಹೋದಂತೆ ಹೆಚ್ಚುತ್ತದೆ, ವೈ ಪಶ್ಚಿಮಕ್ಕೆ ಹೋದಂತೆ ಹೆಚ್ಚುತ್ತದೆ. ಎಣಿಕೆ ಶುರುವಾಗುವುದು 22 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ. ನಡು ರೇಖಾಂಶಗಳು 11, 13, 15, 17 ಹೀಗೆ ಎರಡೆರಡು ಡಿಗ್ರಿಗೆ ಒಂದು. ನೀವು ವೈ ಅಂಕಿಯನ್ನು ಪೂರ್ವಕ್ಕೂ ಎಕ್ಸ್ ಅಂಕಿಯನ್ನು ಉತ್ತರಕ್ಕೂ ಎಣಿಸಿದ್ದೀರಿ, ಅದಕ್ಕೇ ನಕ್ಷೆ 180 ಡಿಗ್ರಿ ತಿರುಗಿದೆ. ರೋಸಿಂಗ್ ಗಣಿ 15ನೇ ರೇಖಾಂಶದಿಂದ ಐದು ಕಿಲೋಮೀಟರಿನಷ್ಟು ಪೂರ್ವಕ್ಕಿದೆ, ಹಾಗಾಗಿ ಅದರ ವೈ ಅಂಕಿ ಋಣಾತ್ಮಕ. ಅದನ್ನು ಕಂಡು ಗಾಬರಿಯಾಗಿ ಋಣಚಿಹ್ನೆ ತೆಗೆದುಹಾಕಿದವರನ್ನೂ ನೋಡಿದ್ದೇನೆ.

ಗಣಿಯಂಚು

ಹಿರಿಯರು ಒಂದು ವಿಷಯ ಬಿಟ್ಟರು. ಆ ಗ್ರಿಡ್‌ನ ಮೀಟರ್ ನಮ್ಮ ಮೀಟರ್ ಅಲ್ಲ! ಅದು ಜರ್ಮನ್ ಲೀಗಲ್ ಮೀಟರ್. ನಮ್ಮ ಮೀಟರಿನ ಲೆಕ್ಕದಲ್ಲಿ ಅದು 1.0000135965. ಜರ್ಮನರ ಆಳ್ವಿಕೆ 1915ಕ್ಕೆ ಮುಗಿದರೂ ಅವರ ಅಳತೆ ಗ್ರಿಡ್‌ನಲ್ಲಿ ಉಳಿದುಕೊಂಡಿತು.

ಉಪಗ್ರಹದ ಕಣ್ಣು

ಐದನೆಯ ದಶಮಾಂಶ ಸ್ಥಾನದ ವ್ಯತ್ಯಾಸ. ನಮ್ಮ ಒಂದು ಪಿಕ್ಸೆಲ್ಲೇ 30 ಮೀಟರ್ ಇರುವಾಗ ಇದರಿಂದ ಏನು ಕೆಡುತ್ತದೆ?

ಗಣಿಯಂಚು

ಕಿಲೋಮೀಟರಿಗೆ 13.6 ಮಿಲಿಮೀಟರ್. ರೋಸಿಂಗ್ ಇರುವುದು 22ನೇ ಅಕ್ಷಾಂಶದಿಂದ ಸುಮಾರು 52 ಕಿಲೋಮೀಟರ್ ದಕ್ಷಿಣಕ್ಕೆ. ಗುಣಿಸಿ ನೋಡಿ, 70 ಸೆಂಟಿಮೀಟರ್ ಬರುತ್ತದೆ. ಪಿಕ್ಸೆಲ್ಲಿಗೆ ಅದು ಧೂಳು, ನಿಜ. ಆದರೆ ಗಣಿಯಲ್ಲಿ ಸಿಡಿಮದ್ದಿನ ರಂಧ್ರ ಕೊರೆಯುವವನಿಗೆ, ಗುತ್ತಿಗೆಯ ಗಡಿಕಲ್ಲು ನೆಡುವವನಿಗೆ ಧೂಳಲ್ಲ.

ನನ್ನ ಮೊದಲ ಕೆಲಸದಲ್ಲಿ (ಯಾವ ಗಣಿ ಎಂದು ಹೇಳುವುದಿಲ್ಲ) ಹೊರಗಿನಿಂದ ಬಂದ ತಂಡವೊಂದು ಗಡಿಗೂಟಗಳನ್ನೆಲ್ಲ ಸಾಮಾನ್ಯ ಮೀಟರಿನಲ್ಲಿ ನೆಟ್ಟು ಹೋಗಿತ್ತು. ಬೆಳಗಿನ ಮಂಜಿನಲ್ಲಿ ನಾನು ಒಂದೊಂದೇ ಗೂಟ ತಪಾಸಣೆ ಮಾಡುತ್ತಾ ಹೋದೆ. ಎಲ್ಲವೂ ಒಂದೇ ದಿಕ್ಕಿಗೆ, ಒಂದು ದೊಡ್ಡ ಹೆಜ್ಜೆಯಷ್ಟು ಸರಿದಿದ್ದವು. ಯಂತ್ರ ಕೆಟ್ಟಿದೆ ಎಂದು ಎರಡು ದಿನ ಅದನ್ನೇ ಬಿಚ್ಚಿ ಜೋಡಿಸಿದೆವು. ಮೂರನೆಯ ದಿನ ಮೇಲಧಿಕಾರಿಯೊಬ್ಬರು ಸೆಟ್ಟಿಂಗ್‌ನಲ್ಲಿದ್ದ ಮೀಟರನ್ನು ತೋರಿಸಿದರು. ಅಂದಿನಿಂದ ಯಾವ ನಿರ್ದೇಶಾಂಕ ಕೈಗೆ ಬಂದರೂ ಮೊದಲು ಏಕಮಾನ ಯಾವುದೆಂದು ಕೇಳುತ್ತೇನೆ.

ಒಣಹೊಳೆ

ಗ್ರಿಡ್‌ಗೆ ಶ್ವಾರ್ಜೆಕ್, ಲೋ 22/15 (22ನೇ ಅಕ್ಷಾಂಶದಿಂದ ಎಣಿಕೆ, ನಡು ರೇಖಾಂಶ 15) ಎಂದು ಕೊಟ್ಟು ನೋಡಿದೆ. ಖಾನ್ ಕಮರಿಯ ಮೊದಲ ಮೂರು ತಿರುವುಗಳಲ್ಲಿ ಗೆರೆ ಸೀದಾ ಮರಳಿನ ಮೇಲೆ ಬಂದು ಕೂತಿತು! ತ್ರಿಕೋನಕಲ್ಲು ಅವರೇ, ನಿಮಗೆ ದೊಡ್ಡ ನಮಸ್ಕಾರ. ಇನ್ನು ಎತ್ತರದ ಕಥೆ ಏನು?

ಉಪಗ್ರಹದ ಕಣ್ಣು

ಇದು ನನ್ನ ಕ್ಷೇತ್ರ. ಎಸ್‌ಆರ್‌ಟಿಎಂ ದತ್ತಾಂಶ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನಗಳ ಯಾನದಲ್ಲಿ ಅಳೆದದ್ದು. ಹುಸಾಬ್ ಗಣಿ ಉತ್ಪಾದನೆ ಶುರು ಮಾಡಿದ್ದು 2016ರ ಕೊನೆಗೆ. ಹಾಗಾಗಿ ನಿಮ್ಮ ರೇಖೆಗಳು ಬಯಲನ್ನು ತೋರಿಸುವುದು ಸರಿಯೇ, ಅಂದು ಅಲ್ಲಿ ಬಯಲೇ ಇತ್ತು. ರೋಸಿಂಗ್ 1976ರಿಂದ ನಡೆಯುತ್ತಿದೆ. ಅದರ ಕುಳಿ ಕಾಣುತ್ತದೆ, ಆದರೆ 2000ದ ಕುಳಿ.

ಹೊಸದು ಬೇಕೆಂದರೆ ಕೋಪರ್ನಿಕಸ್ 30 ಮೀಟರ್ ಮಾದರಿ ಇದೆ. ಅದರ ಆಧಾರ 2011ರಿಂದ 2015ರವರೆಗಿನ ಟ್ಯಾನ್‌ಡೆಮ್-ಎಕ್ಸ್ ರೇಡಾರ್ ದತ್ತಾಂಶ. ಅದರಲ್ಲೂ ಇಂದಿನ ಹುಸಾಬ್ ಸಿಗುವುದಿಲ್ಲ. ಎರಡನ್ನೂ ಕಳೆದು ವ್ಯತ್ಯಾಸ ನೋಡುವುದಾದರೆ ಒಂದು ಎಚ್ಚರಿಕೆ: ಎಸ್‌ಆರ್‌ಟಿಎಂ ಎತ್ತರಗಳು ಇಜಿಎಂ96 ಎಂಬ ಜಿಯಾಯ್ಡ್ (ಸಮುದ್ರಮಟ್ಟದ ಮಾದರಿ) ಮೇಲಿನವು, ಕೋಪರ್ನಿಕಸ್‌ನವು ಇಜಿಎಂ2008ರ ಮೇಲಿನವು. ಮೊದಲು ಒಂದೇ ನೆಲೆಗೆ ತನ್ನಿ.

ಗಣಿಯಂಚು

ಮಾಡಲೇಬೇಕು. ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಎತ್ತರ ಒಂದೇ ಒಂದು ಮೀಟರ್ ತಪ್ಪಿದರೂ ಹತ್ತು ಲಕ್ಷ ಘನ ಮೀಟರ್ ತಪ್ಪುತ್ತದೆ. ಗಟ್ಟಿ ಕಲ್ಲಾದರೆ ಅದು ಸುಮಾರು 27 ಲಕ್ಷ ಟನ್. ಅಷ್ಟು ಕಲ್ಲನ್ನು ಕಾಗದದ ಮೇಲೆ ಹುಟ್ಟಿಸಿದವರೂ ಇದ್ದಾರೆ, ಕಳೆದವರೂ ಇದ್ದಾರೆ.

ಮರಳುಮಾತು

ಮರುಭೂಮಿಯಲ್ಲಿ ಮರಗಳಿಲ್ಲ, ಹಾಗಾಗಿ ರೇಡಾರ್ ಎತ್ತರ ಎಂದರೆ ನೆಲದ ಎತ್ತರವೇ ಎಂದು ಹಲವರು ನಂಬಿರುತ್ತಾರೆ. ಬಯಲಿನ ಮಟ್ಟಿಗೆ ಸರಿ. ಆದರೆ ನಮೀಬ್‌ನಲ್ಲಿ ಮರಗಳಿರುವುದು ಹೊಳೆಪಾತ್ರದಲ್ಲೇ! ಆನಾ ಮರ, ಒಂಟೆಮುಳ್ಳಿನ ಜಾಲಿ, ಟ್ಯಾಮರಿಸ್ಕ್, ಜೊತೆಗೆ ಹೊರಗಿನಿಂದ ಬಂದು ಹರಡಿದ ಪ್ರೊಸೋಪಿಸ್. ಸ್ವಾಕೋಪ್ ಪಾತ್ರದಲ್ಲಿ ಮರದ ತುದಿಯನ್ನು ನೆಲವೆಂದು ಓದಿದರೆ ಹೊಳೆ ಅಡ್ಡಕ್ಕೆ ಉಬ್ಬಿಕೊಂಡು ನಿಲ್ಲುತ್ತದೆ.

ಉಪಗ್ರಹದ ಕಣ್ಣು

ಒಪ್ಪುತ್ತೇನೆ. ಕಮರಿಯದೂ ಅದೇ ಪಾಡು. ಗೋಡೆಗಳ ನಡುವೆ ಇಕ್ಕಟ್ಟಾದ ಕಡೆ 30 ಮೀಟರ್ ಪಿಕ್ಸೆಲ್ ಗೋಡೆಯನ್ನೂ ತಳವನ್ನೂ ಕಲಸಿಬಿಡುತ್ತದೆ, ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ತಪಾಸಣೆಗೆ ಐಸ್‌ಸ್ಯಾಟ್-2 ಬಳಸಿ. 2018ರಲ್ಲಿ ಹಾರಿಸಿದ ಲೇಸರ್ ಉಪಗ್ರಹ ಅದು. ಬೋಳು ನೆಲದಲ್ಲಿ ಅದರ ಅಳತೆ ಬಹಳ ಚೆನ್ನಾಗಿ ಕೂರುತ್ತದೆ.

ಶಿಲಾಪದರ

ಚರ್ಚೆ ನೆಲದ ಮೇಲಷ್ಟೇ ನಡೆಯುತ್ತಿದೆ. ಅಲ್ಲಿ ನೆಲದ ಕೆಳಗೂ ಹೊಳೆಗಳಿವೆ. ಲ್ಯಾಂಗರ್ ಹೈನ್ರಿಶ್ ಗಣಿ ತೋಡುತ್ತಿರುವುದೇ ಒಂದು ಹೂತುಹೋದ ಹಳೆಯ ಹೊಳೆಪಾತ್ರವನ್ನು. ನೀರು ಯುರೇನಿಯಂ ಅನ್ನು ಕರಗಿಸಿ ತಂದು, ಸುಣ್ಣ ಗಟ್ಟಿಯಾದ ಕ್ಯಾಲ್‌ಕ್ರೀಟ್ ಪದರದಲ್ಲಿ ಬಿಟ್ಟುಹೋಗಿದೆ. ಹಳದಿ ಬಣ್ಣದ ಕಾರ್ನೊಟೈಟ್ ಖನಿಜ ಅದು. ರೋಸಿಂಗ್, ಹುಸಾಬ್ ಹಾಗಲ್ಲ, ಅಲ್ಲಿರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆಯೊಳಗಿನ ಅದಿರು. ಒಂದು ಕಡೆ ಹೊಳೆಯೇ ಗಣಿ, ಇನ್ನೊಂದು ಕಡೆ ಹೊಳೆ ಗಣಿಯ ಪಕ್ಕದಲ್ಲಿ ಹರಿಯುವಂಥದ್ದು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಗುದ್ದಲಿಯ ಗುರುತು ಹಾಕಿದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ.

ರೇಡಾರ್ ವಿಷಯ ಬಂದದ್ದರಿಂದ ಇನ್ನೊಂದು ಮಾತು. 1981ರ ನವೆಂಬರಿನಲ್ಲಿ ಕೊಲಂಬಿಯಾ ನೌಕೆಯಲ್ಲಿದ್ದ ರೇಡಾರ್ ಈಜಿಪ್ಟ್ ಮತ್ತು ಸುಡಾನ್ ಗಡಿಯ ಸಹಾರಾದಲ್ಲಿ ಒಣ ಮರಳಿನ ಹೊದಿಕೆಯನ್ನು ಹಾದುಹೋಗಿ, ಅದರಡಿಯ ಹಳೆಯ ಹೊಳೆಗಳನ್ನು ತೋರಿಸಿತ್ತು. ಮೇಲಿನಿಂದ ನೋಡಿದರೆ ಬರೀ ಮರಳು. ನನಗೆ ಈ ವಿದ್ಯೆಯ ಹುಚ್ಚು ಹಿಡಿದದ್ದೇ ಆ ಚಿತ್ರ ನೋಡಿ.

ಹೊಸ ವಿದ್ಯಾರ್ಥಿ

ಹಾಗಾದರೆ ಒಣ ಮರಳಿನ ಮೇಲೆ ರೇಡಾರ್ ಎತ್ತರವೂ ತಪ್ಪುತ್ತದೆಯೇ?

ಉಪಗ್ರಹದ ಕಣ್ಣು

ಸ್ವಲ್ಪ. ತರಂಗ ಉದ್ದವಾದಷ್ಟೂ ಆಳಕ್ಕೆ ಇಳಿಯುತ್ತದೆ. ಮರಳಿನಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಬೇರೆ: ನುಣುಪಾದ ಮರಳು ಸಂಕೇತವನ್ನು ಸರಿಯಾಗಿ ಹಿಂದಿರುಗಿಸುವುದಿಲ್ಲ, ಹಾಗಾಗಿ ದತ್ತಾಂಶದಲ್ಲಿ ತೂತುಗಳು ಬೀಳುತ್ತವೆ. ನೀವು ಡೌನ್‌ಲೋಡ್ ಮಾಡುವ ಪ್ರತಿಯಲ್ಲಿ ಆ ತೂತುಗಳನ್ನು ಬೇರೆ ಮೂಲದಿಂದ ತೇಪೆ ಹಾಕಿ ಮುಚ್ಚಿರಬಹುದು. ತೇಪೆ ಎಲ್ಲೆಲ್ಲಿದೆ ಎಂದು ನೋಡಿಕೊಳ್ಳಿ.

ಮರಳುಮಾತು

ಮರಳಿನ ಮಾತು ಬಂದರೆ ಸುಮ್ಮನಿರಲಾರೆ. ದಕ್ಷಿಣದ ಕುಯಿಸೆಬ್ ಹೊಳೆಯನ್ನು ನಕ್ಷೆಯಲ್ಲಿ ನೋಡಿ. ಅದರ ದಕ್ಷಿಣ ದಡದವರೆಗೂ ಮರಳ ದಿಬ್ಬಗಳ ಸಮುದ್ರ, ಉತ್ತರ ದಡದಿಂದಾಚೆ ಜಲ್ಲಿಕಲ್ಲಿನ ಬಯಲು. ವರ್ಷದಲ್ಲಿ ಕೆಲವೇ ದಿನ ಹರಿಯುವ ಹೊಳೆ, ಕೆಲವು ವರ್ಷ ಅದೂ ಇಲ್ಲ. ಆದರೂ ಬಂದಾಗಲೆಲ್ಲ ಪಾತ್ರಕ್ಕೆ ಇಳಿದ ಮರಳನ್ನು ಗುಡಿಸಿಕೊಂಡು ಹೋಗುತ್ತದೆ. ಕಡಲು ಹತ್ತಿರವಾದ ಕಡೆ ಅದರ ಶಕ್ತಿ ಸಾಲದು, ಅಲ್ಲಿ ದಿಬ್ಬಗಳು ದಾಟಿಬಿಟ್ಟಿವೆ. ವಾಲ್ವಿಸ್ ಬೇಯಿಂದ ಸ್ವಾಕೋಪ್‌ಮುಂಡ್‌ವರೆಗಿನ ದಿಬ್ಬಗಳ ಪಟ್ಟಿ ಅದೇ. ಆ ಪಟ್ಟಿ ನಿಲ್ಲುವುದೆಲ್ಲಿ? ಸ್ವಾಕೋಪ್ ಹೊಳೆಯ ದಡದಲ್ಲಿ.

ಇಷ್ಟು ಕೆಲಸ ಮಾಡುವ ಹೊಳೆಗೆ ನೀಲಿ ಬಣ್ಣ ಕೊಡಬೇಕೇ ಎಂದು ಕೇಳುತ್ತೀರಲ್ಲ!

ಉಪಗ್ರಹದ ಕಣ್ಣು

ಭಾವನೆ ಬೇರೆ, ನಕ್ಷೆ ಬೇರೆ. ನೀಲಿ ಕಂಡರೆ ಜನ ನೀರು ಎಂದೇ ಓದುತ್ತಾರೆ. ಮರುಭೂಮಿಯಲ್ಲಿ ಆ ಗೆರೆಯನ್ನು ನಂಬಿ ಹೋದವರ ಗತಿ ಏನು? ಮರಳಿನ ಬಣ್ಣದಲ್ಲಿ ತುಂಬಿ, ದಡ ಮಾತ್ರ ಎಳೆಯಿರಿ.

ಶಿಲಾಪದರ

ನಾನು ನೀಲಿಯ ಪರ. ಪಾತ್ರ ಒಣಗಿದ್ದರೂ ಮರಳಿನಡಿಯಲ್ಲಿ ನೀರಿದೆ. ಕರಾವಳಿಯ ಊರುಗಳು ಬಹುಕಾಲ ಕುಡಿದದ್ದು ಕುಯಿಸೆಬ್ ಮತ್ತು ಒಮಾರುರು ಹೊಳೆಗಳ ಮರಳಿನಡಿಯ ನೀರನ್ನೇ. ಖಾನ್ ಪಾತ್ರದ ಉಪ್ಪುನೀರನ್ನು ಎತ್ತಿ ಗಣಿಯ ಧೂಳು ಅಡಗಿಸಲು ಚಿಮುಕಿಸಿದ್ದೂ ಇದೆ. 2010ರಲ್ಲಿ ವ್ಲೋಟ್ಸ್‌ಕಾಸ್‌ಬಾಕೆನ್ ಬಳಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಬಂದಿತು ಎಂಬ ಕಾರಣಕ್ಕೆ ಹೊಳೆ ಹೊಳೆಯಾಗದೇ ಹೋಗುವುದಿಲ್ಲ.

ತ್ರಿಕೋನಕಲ್ಲು

ಜಗಳ ಬೇಡ. ತುಂಡುಗೆರೆಯ ನೀಲಿ ಇರುವುದೇ ಇದಕ್ಕಾಗಿ. ದಕ್ಷಿಣ ಆಫ್ರಿಕದ 1:50,000 ನಕ್ಷೆಗಳ ಸೂಚಿಯಲ್ಲಿ ಸದಾ ಹರಿಯದ ಹೊಳೆಗೆ ಅದೇ ಗುರುತು. ಇಲ್ಲಿ ಪಾತ್ರ ಅಗಲವಾಗಿದೆ, ಆದ್ದರಿಂದ ಮರಳಿನ ಚುಕ್ಕೆ ತುಂಬಿ ಎರಡೂ ದಡಕ್ಕೆ ನೀಲಿ ತುಂಡುಗೆರೆ ಹಾಕಲಿ.

ಉಪಗ್ರಹದ ಕಣ್ಣು

ಅದಕ್ಕೆ ನನ್ನ ತಕರಾರಿಲ್ಲ. ಆದರೆ ದಡ ಯಾವುದು? ಮರಳಿನ ಅಂಚೋ, ಪ್ರವಾಹ ಮುಟ್ಟಿದ ಅಂಚೋ?

ಒಣಹೊಳೆ

ಈ ಪ್ರಶ್ನೆ ನನ್ನನ್ನೂ ಕಾಡಿತ್ತು, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಖಾನ್ ಕಮರಿಯ ಒಂದು ತಿರುವಿನಲ್ಲಿ ಕೆಸರು ಒಣಗಿ ಬಿರಿದು, ಒಂದೊಂದು ಪದರವೂ ಹಪ್ಪಳದಂತೆ ಅಂಚು ಮೇಲೆತ್ತಿಕೊಂಡಿತ್ತು. ಕಾಲಿಟ್ಟರೆ ಚಟಚಟ ಎಂದು ಒಡೆಯುತ್ತದೆ. ಅದರಡಿಯ ಮರಳು ಮುಟ್ಟಿದರೆ ಬೆಚ್ಚಗೆ, ಪೂರಾ ಒಣಗಿತ್ತು. ತಲೆಯೆತ್ತಿ ನೋಡಿದರೆ ಬಂಡೆಯ ಬಿರುಕಿನಲ್ಲಿ ಒಣಕೊಂಬೆ, ಹುಲ್ಲು, ಒಂದು ತುಂಡು ತಂತಿ ಸಿಕ್ಕಿಕೊಂಡಿವೆ. ಟೇಪು ಹಿಡಿದು ಅಳೆದೆ, ಮರಳಿನಿಂದ 2.6 ಮೀಟರ್. ನಾನು ಕೈ ಚಾಚಿದರೂ ಎಟಕುವುದಿಲ್ಲ. ನೀರಿನ ಹನಿಯೂ ಇಲ್ಲದ ಜಾಗದಲ್ಲಿ ನೀರಿನ ಮಟ್ಟ ನನ್ನ ತಲೆಯ ಮೇಲಿತ್ತು. ಆ ಬಿಂದುವನ್ನು ಜಿಪಿಎಸ್‌ನಲ್ಲಿ ಗುರುತಿಸಿಕೊಂಡಿದ್ದೇನೆ.

ತ್ರಿಕೋನಕಲ್ಲು

ಬಹಳ ಒಳ್ಳೆಯ ಕೆಲಸ. ಅಂಥ ಬಿಂದುಗಳನ್ನು ಸಾಧ್ಯವಾದಷ್ಟು ಸೇರಿಸಿ. 2011ರಲ್ಲಿ ಕುಯಿಸೆಬ್ ಸಮುದ್ರ ಮುಟ್ಟಿತ್ತು. 1934ರ ಸ್ವಾಕೋಪ್ ಪ್ರವಾಹ ತಂದ ಮರಳು ಕಡಲ ತೀರವನ್ನೇ ಮುಂದಕ್ಕೆ ತಳ್ಳಿತ್ತು. ಅದಕ್ಕೆ ಮೂರು ವರ್ಷ ಮೊದಲು, 1931ರಲ್ಲಿ, ರೈಲು ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಅವೆಲ್ಲವನ್ನೂ ಮರೆತು ಇಂದಿನ ಮರಳಿನ ಅಂಚನ್ನೇ ದಡ ಎಂದು ಬರೆದರೆ ಮುಂದೆ ಮನೆ ಕಟ್ಟುವವರಿಗೆ ಮೋಸ ಮಾಡಿದಂತೆ.

ಗಣಿಯಂಚು

ಮೇಲ್ಗಡೆ ಫಾನ್ ಬಾಖ್, ಸ್ವಾಕೋಪ್‌ಪೂರ್ಟ್ ಅಣೆಕಟ್ಟುಗಳು ಬಂದ ಮೇಲೆ ಸ್ವಾಕೋಪ್‌ನ ಪ್ರವಾಹ ಮೊದಲಿನಂತಿಲ್ಲ. ಎರಡೂ 1970ರ ದಶಕದವು. ಖಾನ್ ಹೊಳೆಯ ನೀರು ಅವುಗಳ ಕೆಳಗೆ ಬಂದು ಸೇರುವುದರಿಂದ ಅದಕ್ಕೆ ಆ ತಡೆ ಇಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹೊಸ ವಿದ್ಯಾರ್ಥಿ

ಸ್ವಲ್ಪ ಬೇರೆ ವಿಷಯ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಬ್ಬರು ಜರ್ಮನ್ ಭೂವಿಜ್ಞಾನಿಗಳು ಕುಯಿಸೆಬ್ ಕಮರಿಯಲ್ಲಿ ಅಡಗಿದ್ದರಂತೆ, ನಿಜವೇ?

ಶಿಲಾಪದರ

ನಿಜ. ಹೆನ್ನೊ ಮಾರ್ಟಿನ್ ಮತ್ತು ಹೆರ್ಮನ್ ಕಾರ್ನ್. 1940ರಿಂದ ಎರಡೂವರೆ ವರ್ಷ, ನಾಯಿಯೊಂದನ್ನು ಜೊತೆಗಿಟ್ಟುಕೊಂಡು, ಬೇಟೆಯಾಡಿ ಬದುಕಿದರು. ನೆಲವನ್ನು ಓದಬಲ್ಲವರಾದ್ದರಿಂದಲೇ ನೀರು ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿಕೊಂಡರು.

ಮರಳುಮಾತು

ಒಣಹೊಳೆ ಅವರೇ, ಒಂದು ಬೇಡಿಕೆ. ಎರಡು ಹೊಳೆಗಳ ನಡುವಿನ ಬಯಲಿನಲ್ಲಿ ವೆಲ್ವಿಚಿಯಾ ಗಿಡಗಳಿವೆ, ಕಲ್ಲಿನ ಮೇಲೆ ಕಲ್ಲುಹೂವಿನ ಹಾಸು ಇದೆ. ಅದರ ಮೇಲೆ ಒಮ್ಮೆ ಗಾಡಿ ಹರಿದರೆ ಚಕ್ರದ ಗುರುತು ದಶಕಗಟ್ಟಲೆ ಅಳಿಯುವುದಿಲ್ಲ. ಉಪಗ್ರಹದ ಚಿತ್ರದಲ್ಲಿ ಕಾಣುವ ಪ್ರತಿ ಗೀರನ್ನೂ ದಾರಿ ಎಂದು ನಕ್ಷೆಗೆ ಏರಿಸಬೇಡಿ. ನೀವು ಬರೆದರೆ ಜನ ಅದರಲ್ಲೇ ಹೋಗುತ್ತಾರೆ. ಅದು ನಮೀಬ್-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನದ ಜಾಗ, ಪರವಾನಗಿಯ ದಾರಿಗಳನ್ನಷ್ಟೇ ತೋರಿಸಿ.

ಒಣಹೊಳೆ

ಖಂಡಿತ. ನಿನ್ನೆಯೇ ಹನ್ನೊಂದು ಗೀರುಗಳನ್ನು "ದಾರಿ" ಪದರಕ್ಕೆ ಹಾಕಿದ್ದೆ, ಈಗ ತೆಗೆಯುತ್ತಿದ್ದೇನೆ.

ಉಪಗ್ರಹದ ಕಣ್ಣು

ನಾನು ಆರಂಭದಲ್ಲಿ ಹಳೆಯ ಹಾಳೆ ಬಿಡಿ ಎಂದೆ. ಡೇಟಮ್ ವಿಷಯದಲ್ಲಿ ಸೋತೆ. ಆದರೂ ಕೇಳುತ್ತೇನೆ, ಹಾಳೆ ಸರಿಯಾಗಿ ಕೂತ ಮೇಲೆ ಅದರಿಂದ ಹೊಸದಾಗಿ ಏನು ಸಿಗುತ್ತದೆ?

ತ್ರಿಕೋನಕಲ್ಲು

ಸತ್ತುಹೋದ ಕಣಿವೆಗಳು ಸಿಗುತ್ತವೆ. ತ್ಯಾಜ್ಯ ಕಲ್ಲಿನ ರಾಶಿ, ಟೈಲಿಂಗ್ಸ್ (ಅದಿರು ಸಂಸ್ಕರಿಸಿ ಉಳಿದ ಕೆಸರು) ಕಟ್ಟೆ ಇವುಗಳಡಿ ಎಷ್ಟೋ ಸಣ್ಣ ಹಳ್ಳಗಳು ಮುಚ್ಚಿಹೋಗಿವೆ. ಮೇಲೆ ಮುಚ್ಚಿದರೂ ಇಂಗಿದ ನೀರು ಹಳೆಯ ಹಳ್ಳದ ಹಾದಿಯನ್ನೇ ಹಿಡಿದು ಖಾನ್ ಕಡೆಗೆ ಇಳಿಯುತ್ತದೆ. ಸೋರಿಕೆ ಹಿಡಿಯುವ ಬಾವಿ ಎಲ್ಲಿ ತೋಡಬೇಕೆಂದು ಇಂದಿನ ಚಿತ್ರ ಹೇಳಲಾರದು. ಹಾಳೆಯ ಅಂಚಿನಲ್ಲಿ ವೈಮಾನಿಕ ಚಿತ್ರ ತೆಗೆದ ವರ್ಷ ಮುದ್ರಿಸಿರುತ್ತಾರೆ. ಅದು ಗಣಿಗಿಂತ ಹಿಂದಿನದಾದರೆ ಆ ಹಾಳೆಯನ್ನು ಜೋಪಾನವಾಗಿಡಿ.

ಗಣಿಯಂಚು

ನೂರಕ್ಕೆ ನೂರು ಸರಿ. ಗಣಿ ಮುಚ್ಚುವ ದಿನ ನೆಲವನ್ನು ಯಾವ ಆಕಾರಕ್ಕೆ ತರಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಹುಡುಕುವುದು ಮೊದಲಿನ ರೇಖೆಗಳನ್ನೇ.

ಉಪಗ್ರಹದ ಕಣ್ಣು

ಇದನ್ನು ನಾನು ಯೋಚಿಸಿರಲಿಲ್ಲ. ಹಾಗಿದ್ದರೆ ಲ್ಯಾಂಡ್‌ಸ್ಯಾಟ್ ಹಳೆಯ ಚಿತ್ರಗಳನ್ನೂ ಸೇರಿಸಿ. ಮೊದಲ ಲ್ಯಾಂಡ್‌ಸ್ಯಾಟ್ 1972ರಲ್ಲಿ ಮೇಲೇರಿತು, ರೋಸಿಂಗ್ ಶುರುವಾಗುವುದಕ್ಕೆ ನಾಲ್ಕು ವರ್ಷ ಮೊದಲು. ಕುಳಿ ಬೆಳೆದದ್ದನ್ನು ಹುಟ್ಟಿನಿಂದಲೂ ಹಿಂಬಾಲಿಸಬಹುದು.

ಒಣಹೊಳೆ

ಎಲ್ಲರ ಮಾತು ಕೇಳಿ ಹೀಗೆ ಮಾಡುತ್ತಿದ್ದೇನೆ. ಗಣಿಯ ಗಡಿಯೊಳಗೆ ಸಮೋನ್ನತಿ ರೇಖೆಗಳನ್ನು ಬೂದು ಬಣ್ಣದಲ್ಲಿ ಹಾಕಿ, ಒಂದೊಂದರ ಪಕ್ಕದಲ್ಲೂ ವರ್ಷ ಬರೆಯುತ್ತೇನೆ: "2000ದ ನೆಲ" ಎಂದು. ಕುಳಿಯ ಇಂದಿನ ಅಂಚನ್ನು ಸೆಂಟಿನೆಲ್ ಚಿತ್ರದಿಂದ ಕೆಂಪು ಗೆರೆಯಲ್ಲಿ, ತಿಂಗಳು ವರ್ಷದ ಸಮೇತ. ಹೊಳೆಗೆ ಮರಳಿನ ಚುಕ್ಕೆ, ಎರಡು ದಡಕ್ಕೂ ನೀಲಿ ತುಂಡುಗೆರೆ, ಕಣ್ಣಾರೆ ಕಂಡ ಪ್ರವಾಹದ ಗುರುತುಗಳಿಗೆ ಸಣ್ಣ ತ್ರಿಕೋನ ಮತ್ತು ಎತ್ತರ.

ಒಂದು ತೊಡಕು ಉಳಿದಿದೆ. ಎರಡು ಹೊಳೆ ಕೂಡುವಲ್ಲಿ ಹಾಳೆಯ ದಡವೂ ಚಿತ್ರದ ದಡವೂ ಡೇಟಮ್ ಸರಿಮಾಡಿದ ಮೇಲೂ 40 ಮೀಟರ್ ದೂರ ನಿಂತಿವೆ. ಅಕ್ಕಪಕ್ಕದ ಬಂಡೆಗಳು, ರಸ್ತೆ ಎಲ್ಲ ಕರಾರುವಾಕ್ಕಾಗಿ ಕೂರುತ್ತಿವೆ, ದಡ ಮಾತ್ರ ಇಲ್ಲ.

ತ್ರಿಕೋನಕಲ್ಲು

ಬಂಡೆ ಕೂತು ದಡ ಕೂರಲಿಲ್ಲವೆಂದರೆ ಸರಿದದ್ದು ಹೊಳೆಯೇ. ಎರಡೂ ದಡಗಳನ್ನು ಬರೆಯಿರಿ, ಎರಡಕ್ಕೂ ವರ್ಷ ಹಾಕಿ.

ಮರಳುಮಾತು

ಜನವರಿಯಿಂದ ಏಪ್ರಿಲ್‌ವರೆಗೆ ಒಳನಾಡಿನಲ್ಲಿ ಮಳೆಗಾಲ. ಖಾನ್ ಬಂದ ಸುದ್ದಿ ಸಿಕ್ಕರೆ ಆ ಬಂಡೆಯ ಹತ್ತಿರ ಇಳಿಯಬೇಡಿ, ಮೇಲಿನ ದಿಣ್ಣೆಯಿಂದ ನೋಡಿ. ಆಮೇಲೆ ಹೋಗಿ ಆ ತಂತಿಯ ತುಂಡು ಅಲ್ಲೇ ಇದೆಯೋ ಇಲ್ಲವೋ ಇಲ್ಲಿ ಬರೆಯಿರಿ.

ಒಣಹೊಳೆ

ಬರೆಯುತ್ತೇನೆ. ಟೇಪನ್ನು ಗಾಡಿಯಲ್ಲೇ ಇಟ್ಟಿದ್ದೇನೆ.